ಮ್ಯಾಕ್ಸ್ 30102 ಮಾಡ್ಯೂಲ್: 140 ರೂಪಾಯಿಗೆ ಸಿಗುವುದು, ಸಿಗದಿರುವುದು

ನಾನು ಧಾರವಾಡ ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕಳೆದ ವರ್ಷ ಅಂತಿಮ ವರ್ಷದ ಮೂವರು ವಿದ್ಯಾರ್ಥಿನಿಯರು, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಒಯ್ಯಬಹುದಾದ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಅಳೆಯುವ ಕಡಿಮೆ ಬೆಲೆಯ ಆಕ್ಸಿಮೀಟರ್ ಒಂದನ್ನು ತಾವೇ ರೂಪಿಸುತ್ತೇವೆಂದು ಬಂದಾಗ, ಅವರ ಪ್ರಾಜೆಕ್ಟಿಗೆ ಗೈಡ್ ಆಗಲು ಸಂತೋಷದಿಂದ ಒಪ್ಪಿಕೊಂಡೆ. 2021ರ ಬೇಸಿಗೆಯಲ್ಲಿ ಆಕ್ಸಿಮೀಟರಿಗಾಗಿ ಔಷಧದ ಅಂಗಡಿಯಿಂದ ಅಂಗಡಿಗೆ ಅಲೆದ ನೆನಪು ನಮ್ಮೆಲ್ಲರ ಮನೆಗಳಲ್ಲೂ ಇದೆ. ಆ ಹುಡುಗಿಯರಲ್ಲಿ ಒಬ್ಬಳ ಆಯ್ಕೆಗೆ ಅದೇ ಕಾರಣವಾಗಿತ್ತು. ಇಂತಹ ಪ್ರಾಜೆಕ್ಟುಗಳಲ್ಲಿ ಹತ್ತಕ್ಕೆ ಒಂಬತ್ತು ಶುರುವಾಗುವುದು ಉಗುರಿನಷ್ಟೇ ದೊಡ್ಡದಾದ ಒಂದು ಚಿಪ್ಪನ್ನು ಕೂರಿಸಿದ ಪುಟ್ಟ ಬೋರ್ಡಿನಿಂದ. ಅದರ ಹೆಸರು ಮ್ಯಾಕ್ಸ್ 30102. ಒಂದು ಶೈಕ್ಷಣಿಕ ವರ್ಷವಿಡೀ ಅದರೊಂದಿಗೆ ಕೆಲಸ ಮಾಡಿದ ಮೇಲೆ, ಈ ವರ್ಷ ಅದನ್ನು ಕೊಳ್ಳಲಿರುವ ವಿದ್ಯಾರ್ಥಿಗಳಿಗೂ ಅವರ ಗೈಡ್‌ಗಳಿಗೂ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಚಿಪ್ಪಿನ ವಿಷಯ. ಇದನ್ನು ರೂಪಿಸಿದ್ದು ಮ್ಯಾಕ್ಸಿಮ್ ಸಂಸ್ಥೆ; 2021ರಲ್ಲಿ ಆ ಸಂಸ್ಥೆ ಅನಲಾಗ್ ಡಿವೈಸಸ್‌ನಲ್ಲಿ ವಿಲೀನವಾಯಿತು. 5.6 ಮಿಲಿಮೀಟರ್ ಉದ್ದ, 3.3 ಮಿಲಿಮೀಟರ್ ಅಗಲದ ಜಾಗದಲ್ಲಿ 660 ನ್ಯಾನೋಮೀಟರಿನ ಕೆಂಪು ಎಲ್‌ಇಡಿ, 880 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಗೆಂಪು ಎಲ್‌ಇಡಿ, ಬೆಳಕನ್ನು ಹಿಡಿಯುವ ಫೋಟೋಡಯೋಡ್, ಸುತ್ತಲಿನ ಬೆಳಕನ್ನು ಕಳೆಯುವ ಸರ್ಕ್ಯೂಟ್ ಮತ್ತು ಹಿಡಿದ ಬೆಳಕನ್ನು ಸಂಖ್ಯೆಯಾಗಿಸುವ 18 ಬಿಟ್‌ಗಳ ಪರಿವರ್ತಕ ಇವೆಲ್ಲವೂ ಅಡಕವಾಗಿವೆ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಅವಗೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ನಾಡಿ ಮಿಡಿದಾಗಲೆಲ್ಲ ಬೆರಳಿನ ಅಪಧಮನಿಗಳಲ್ಲಿ ರಕ್ತ ಏರಿಳಿಯುವುದರಿಂದ, ಬೆಳಕಿನ ಆ ಏರಿಳಿತವನ್ನು ಮಾತ್ರ ಬೇರ್ಪಡಿಸಿಕೊಂಡರೆ ಚರ್ಮ, ಮೂಳೆ, ಇತರ ಅಂಗಾಂಶಗಳು ಹೀರಿದ ಪಾಲನ್ನು ಲೆಕ್ಕದಿಂದ ಬಿಡಬಹುದು. ಜಪಾನಿನ ನಿಹಾನ್ ಕೋಡೆನ್ ಕಂಪನಿಯಲ್ಲಿದ್ದ ಇಂಜಿನಿಯರ್ ತಕುವೊ ಅಯೊಯಾಗಿ 1974ರಲ್ಲಿ ಮುಂದಿಟ್ಟ ಈ ತತ್ತ್ವವನ್ನು ವಿದ್ಯಾರ್ಥಿಯೊಬ್ಬಳು ತನ್ನದೇ ಬೆರಳಿನ ಮೇಲೆ, ತನ್ನದೇ ಲ್ಯಾಪ್‌ಟಾಪಿನ ಪರದೆಯಲ್ಲಿ, ಅಲೆಯಾಗಿ ಕಾಣುವುದೆಂದರೆ ಅದು ಸಣ್ಣ ಸಂಗತಿಯಲ್ಲ. ಆ ಅಲೆ ಮೊದಲ ಬಾರಿಗೆ ಮೂಡಿದ ಸಂಜೆ ಪ್ರಯೋಗಾಲಯದ ಅಟೆಂಡರಿನಿಂದ ಹಿಡಿದು ಎಲ್ಲರೂ ಸರದಿಯಲ್ಲಿ ನಿಂತು ಬೆರಳಿಟ್ಟರು. ಈ ಒಂದು ಕಾರಣಕ್ಕಾಗಿಯಾದರೂ ಈ ಬೋರ್ಡಿಗೆ ಕೊಟ್ಟ ಹಣ ವ್ಯರ್ಥವಲ್ಲ.

ಆದರೆ ಆ ಸಂಜೆ ಬರುವುದಕ್ಕೆ ಮುಂಚೆ ಮೂರು ವಾರಗಳು ಕಳೆದವು. ಚಿಪ್ಪನ್ನು ಒಂದು ಕಂಪನಿ ಮಾಡುತ್ತದೆ, ಅದನ್ನು ಕೂರಿಸಿದ ಬೋರ್ಡನ್ನು ಹತ್ತಾರು ಕಡೆ ಹತ್ತಾರು ಜನ ಮಾಡುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ನಾವು ಮೊದಲು ತರಿಸಿಕೊಂಡ ನಾಲ್ಕು ಬೋರ್ಡುಗಳು, ಒಂದಕ್ಕೆ 140 ರೂಪಾಯಿಯಂತೆ ಬಿದ್ದವು. ಅವುಗಳ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದರೆ ನಾಲ್ಕರಲ್ಲಿ ಒಂದೂ ಉತ್ತರ ಕೊಡಲಿಲ್ಲ. ವಿದ್ಯಾರ್ಥಿನಿಯರು ವೈರ್ ಬದಲಿಸಿದರು, ಬ್ರೆಡ್‌ಬೋರ್ಡ್ ಬದಲಿಸಿದರು, ಕೋಡ್ ಬದಲಿಸಿದರು, ಕೊನೆಗೆ ನಾಲ್ಕೂ ಸುಟ್ಟಿವೆಯೆಂದು ಬೇಸರಪಟ್ಟರು. ಮಲ್ಟಿಮೀಟರಿನ ಮೊನೆಯನ್ನು ದತ್ತಾಂಶದ ಗೆರೆಯ ಮೇಲೆ ಇಟ್ಟು ನೋಡಿದಾಗ ಕಂಡದ್ದು 1.8 ವೋಲ್ಟ್. ಚಿಪ್ಪಿನ ಒಳಭಾಗ ನಡೆಯುವುದು 1.8 ವೋಲ್ಟಿನಲ್ಲಿ, ಅದಕ್ಕಾಗಿ ಬೋರ್ಡಿನ ಮೇಲೆಯೇ ಒಂದು ರೆಗ್ಯುಲೇಟರ್ ಇರುತ್ತದೆ. ಈ ಬೋರ್ಡನ್ನು ಮಾಡಿದವರು ಸಂವಹನದ ಗೆರೆಗಳನ್ನು ಮೇಲೆತ್ತಿ ಹಿಡಿಯುವ 4.7 ಕಿಲೋ ಓಮ್ ರೆಸಿಸ್ಟರುಗಳನ್ನೂ ಅದೇ 1.8 ವೋಲ್ಟಿಗೆ ಕಟ್ಟಿಬಿಟ್ಟಿದ್ದರು. ಇಎಸ್‌ಪಿ 32ಕ್ಕೆ ಒಂದು ಗೆರೆ 'ಮೇಲಿದೆ' ಎಂದು ತಿಳಿಯಲು ಸುಮಾರು 2.5 ವೋಲ್ಟ್ ಬೇಕು. ಎರಡೂ ಕಡೆಯವರು ಮಾತನಾಡುತ್ತಿದ್ದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಮುಟ್ಟುತ್ತಿರಲಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಮೂರು ರೆಸಿಸ್ಟರುಗಳನ್ನು ಸೋಲ್ಡರಿಂಗ್ ಐರನ್ನಿನ ತುದಿಯಿಂದ ಎಬ್ಬಿಸಿ ತೆಗೆದು, ಹೊರಗಿನಿಂದ 3.3 ವೋಲ್ಟಿಗೆ ಬೇರೆ ರೆಸಿಸ್ಟರುಗಳನ್ನು ಹಾಕಿದೊಡನೆ ನಾಲ್ಕು ಬೋರ್ಡುಗಳೂ ಎದ್ದು ಕೂತವು.

ಆನ್‌ಲೈನಿನಲ್ಲಿ ಬೇರೊಬ್ಬ ಮಾರಾಟಗಾರರಿಂದ ತರಿಸಿದ ಇನ್ನೆರಡು ಬೋರ್ಡುಗಳು ಜೋಡಿಸಿದ ಕೂಡಲೇ ಕೆಲಸ ಮಾಡಿದವು, ಆದರೆ ಆರೋಗ್ಯವಂತ ಹುಡುಗಿಯ ಬೆರಳಿಟ್ಟರೆ ಆಮ್ಲಜನಕದ ಪ್ರಮಾಣ ಶೇಕಡಾ 60ರ ಆಸುಪಾಸು ಎಂದು ತೋರಿಸಿದವು. ಇದರ ಕಾರಣ ಹಿಡಿಯಲು ಎರಡು ದಿನ ಹಿಡಿಯಿತು. ಅವಗೆಂಪು ಎಲ್‌ಇಡಿಯನ್ನು ಆರಿಸುವಂತೆ ಕೋಡಿನಲ್ಲಿ ಆದೇಶ ಕೊಟ್ಟರೆ ಕಣ್ಣಿಗೆ ಕಾಣುವ ಕೆಂಪು ದೀಪ ಆರಿತು. ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿದರೆ ಅವಗೆಂಪು ದೀಪ ಮಸುಕು ನೇರಳೆ ಚುಕ್ಕೆಯಾಗಿ ಉರಿಯುತ್ತಲೇ ಇತ್ತು. ಅಂದರೆ ಆ ಬೋರ್ಡಿನಲ್ಲಿ ಎರಡೂ ದೀಪಗಳು ಅದಲುಬದಲಾಗಿದ್ದವು. ಆದ್ದರಿಂದ ಲೆಕ್ಕದ ಅನುಪಾತ (ಕೆಂಪು ಬೆಳಕಿನ ಏರಿಳಿತಕ್ಕೂ ಅವಗೆಂಪಿನ ಏರಿಳಿತಕ್ಕೂ ಇರುವ ಅನುಪಾತ) 0.5 ಬರಬೇಕಾದಲ್ಲಿ ತಲೆಕೆಳಗಾಗಿ 2 ಬರುತ್ತಿತ್ತು. ಕೋಡಿನಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುವ ದೋಷವೇ ಇದು. ಆದರೂ ರೋಗಿಯ ಬಳಿ ಇಡುವ ಸಾಧನವೊಂದರ ಬಿಡಿಭಾಗವು ಖೇಪಿನಿಂದ ಖೇಪಿಗೆ ಹೀಗೆ ಬದಲಾಗಬಹುದೆಂದರೆ, ಐವತ್ತು ಸಾಧನಗಳನ್ನು ಮಾಡಿದಾಗ ಐವತ್ತನ್ನೂ ಒಂದೊಂದಾಗಿ ಪರೀಕ್ಷಿಸದೆ ಹೊರಗೆ ಕೊಡಲಾಗದು ಎಂದೇ ಅರ್ಥ. ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಎರಡು ಬೇರೆ ಕಡೆಗಳಿಂದ ಎರಡೆರಡು ಬೋರ್ಡ್ ಕೊಳ್ಳಿ, ಮೊದಲ ದಿನವೇ ಮಲ್ಟಿಮೀಟರ್ ಮತ್ತು ಮೊಬೈಲ್ ಕ್ಯಾಮೆರಾ ಎರಡರಿಂದಲೂ ನೋಡಿ, ಆಮೇಲೆ ಕೋಡಿಗೆ ಕೈ ಹಾಕಿ.

ಲೈಬ್ರರಿಯ, ಅಂದರೆ ಚಿಪ್ಪನ್ನು ಓದಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಬಗ್ಗೆಯೂ ಎರಡು ಮಾತು ಹೇಳಬೇಕು. ಸ್ಪಾರ್ಕ್‌ಫನ್ ಸಂಸ್ಥೆ ಉಚಿತವಾಗಿ ಒದಗಿಸಿರುವ ಲೈಬ್ರರಿ ಬಳಸಲು ಬಹಳ ಸುಲಭ, ಅದರೊಂದಿಗೆ ಬರುವ ಉದಾಹರಣೆಗಳನ್ನು ಇದ್ದಂತೆಯೇ ಓಡಿಸಿದರೆ ಹತ್ತು ನಿಮಿಷದಲ್ಲಿ ಸಂಖ್ಯೆಗಳು ಪರದೆಗೆ ಬರುತ್ತವೆ. ಆ ಸುಲಭದಲ್ಲೇ ಒಂದು ಎಚ್ಚರ ಬೇಕು. ಅದರಲ್ಲಿ ಆಮ್ಲಜನಕವನ್ನೂ ನಾಡಿಯನ್ನೂ ಎಣಿಸುವ ಭಾಗ ಮ್ಯಾಕ್ಸಿಮ್‌ನಿಂದ ಬಂದದ್ದು. ಸೆಕೆಂಡಿಗೆ 25 ಮಾದರಿಗಳಂತೆ ನಾಲ್ಕು ಸೆಕೆಂಡಿಗೆ 100 ಮಾದರಿಗಳು ಬರುತ್ತವೆಂದು ಅದು ನಂಬಿಕೊಂಡು ಕೂತಿರುತ್ತದೆ. ಅಲೆ ಇನ್ನಷ್ಟು ನಯವಾಗಿ ಕಾಣಲೆಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ನಾಲ್ಕು ಮಾದರಿಗಳ ಸರಾಸರಿಯನ್ನು ಎರಡಕ್ಕೆ ಇಳಿಸಿದಳು, ಮಾದರಿಗಳು ಸೆಕೆಂಡಿಗೆ 50 ಆದವು, ಪರದೆಯ ಮೇಲೆ ಅವಳ ನಾಡಿ 36 ಎಂದು ಬಂತು. ಅವಳ ಗೆಳತಿ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು: 72. ಸರಿಯಾಗಿ ಅರ್ಧ. ಯಂತ್ರದ ಸಂಖ್ಯೆಯನ್ನು ಕೈಯಿಂದ ಪರೀಕ್ಷಿಸಬಹುದೆಂಬ ಅರಿವು ಅವರಿಗೆ ಮೂಡಿದ್ದು ಆ ದಿನ, ಮತ್ತು ಆ ಪಾಠವನ್ನು ಯಾವ ಪುಸ್ತಕದಿಂದಲೂ ನಾನು ಅಷ್ಟು ಚೆನ್ನಾಗಿ ಕಲಿಸಲಾರೆ.

ಲೆಕ್ಕ ಹೊಂದದಿದ್ದಾಗ ಈ ಲೈಬ್ರರಿ ಪ್ರಾಮಾಣಿಕವಾಗಿ ಋಣ 999 ಎಂದು ಹಿಂತಿರುಗಿಸುತ್ತದೆ, ತನಗೆ ಗೊತ್ತಾಗಲಿಲ್ಲವೆಂದು ಹೇಳುವ ಅದರ ರೀತಿ ಅದು. ಡೆಮೊದ ದಿನ ಚೆನ್ನಾಗಿ ಕಾಣುವುದಿಲ್ಲವೆಂಬ ಕಾರಣಕ್ಕೆ ಆ ಜಾಗದಲ್ಲಿ ಹಳೆಯ ಸಂಖ್ಯೆಯನ್ನೇ ತೋರಿಸುವ, ಇನ್ನೂ ಮುಂದೆ ಹೋಗಿ 95ರಿಂದ 99ರ ನಡುವೆ ಯಾವುದೋ ಒಂದನ್ನು ಆರಿಸಿ ತೋರಿಸುವ ಕೋಡನ್ನು ನಾನು ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 'ಬೆರಳನ್ನು ಸರಿಯಾಗಿ ಇಡಿ' ಎಂದು ಕನ್ನಡದಲ್ಲಿ ಬರೆದು ತೋರಿಸುವ ಪರದೆ, ಸುಳ್ಳು 97ಕ್ಕಿಂತ ಎಷ್ಟೋ ಮೇಲು.

ಬೋರ್ಡಿನ ಆಕಾರವೂ ಒಂದು ಕೊರತೆಯೇ. ಅಂಗಡಿಯ ಆಕ್ಸಿಮೀಟರಿನಲ್ಲಿ ಬೆಳಕು ಬೆರಳಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬೀಳುತ್ತದೆ; ಇಲ್ಲಿ ದೀಪವೂ ಕಣ್ಣೂ ಒಂದೇ ಬದಿಯಲ್ಲಿರುವುದರಿಂದ ಒಳಗಿನಿಂದ ಚದುರಿ ಹಿಂದಿರುಗುವ ಬೆಳಕನ್ನು ಮಾತ್ರ ಅದು ನೋಡುತ್ತದೆ. ಚಪ್ಪಟೆ ಬೋರ್ಡಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಚಿಕ್ಕ ರಕ್ತನಾಳಗಳೇ ಅದುಮಿಹೋಗಿ ಅಲೆ ಕಾಣೆಯಾಗುತ್ತದೆ, ಹಗುರವಾಗಿ ಇಟ್ಟರೆ ಕೈ ನಡುಗಿದಷ್ಟೂ ಅಲೆ ಕುಣಿಯುತ್ತದೆ. ನಾವು ಹಲವು ಬಗೆ ಪ್ರಯತ್ನಿಸಿದೆವು. ಕೊನೆಗೆ ಕೈಗೂಡಿದ್ದು ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್. ಅದರ ಬಿಗಿ ಸ್ಪ್ರಿಂಗನ್ನು ತೆಗೆದು ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ಕಪ್ಪು ಫೋಮ್ ಅಂಟಿಸಿ, ಬೋರ್ಡನ್ನು ಕೆಳದವಡೆಯಲ್ಲಿ ಹುದುಗಿಸಿದಾಗ ಒತ್ತಡ ಎಲ್ಲರ ಬೆರಳಿಗೂ ಹೆಚ್ಚುಕಡಿಮೆ ಒಂದೇ ಆಯಿತು. ಡಿಸೆಂಬರಿನ ಬೆಳಗ್ಗೆ ಬೈಕಿನಲ್ಲಿ ಬಂದವರ ತಣ್ಣಗಿನ ಬೆರಳುಗಳಲ್ಲಿ ಮಾತ್ರ ಏನು ಮಾಡಿದರೂ ಅಲೆ ಸರಿಯಾಗಿ ಏಳಲಿಲ್ಲ. ಎರಡು ನಿಮಿಷ ಅಂಗೈ ಉಜ್ಜಿಸಿ ಮತ್ತೆ ನೋಡಬೇಕಾಯಿತು. ಎಲ್‌ಇಡಿಯ ಕರೆಂಟನ್ನು 50 ಮಿಲಿಆಂಪಿಯರ್‌ವರೆಗೂ ಏರಿಸಲು ಈ ಚಿಪ್ಪು ಅವಕಾಶ ಕೊಡುತ್ತದೆ, ನಮಗೆ ಸಾಮಾನ್ಯವಾಗಿ 6 ಮಿಲಿಆಂಪಿಯರ್ ಸಾಕಾಯಿತು.

ಇನ್ನು ಮುಖ್ಯ ಪ್ರಶ್ನೆ: ಈ ಬೋರ್ಡ್ ಕೊಡುವ ಸಂಖ್ಯೆಯನ್ನು ನಂಬಬಹುದೇ? ನನ್ನ ಮಟ್ಟಿಗೆ ಈ ವಿಮರ್ಶೆಯ ಜೀವ ಇಲ್ಲಿದೆ.

ಚಿಪ್ಪು ಅಳೆಯುವುದು ಬೆಳಕನ್ನು ಮಾತ್ರ. ಬೆಳಕಿನ ಅನುಪಾತವನ್ನು ಆಮ್ಲಜನಕದ ಶೇಕಡಾವಾರಿಗೆ ತಿರುಗಿಸಲು ಒಂದು ಸೂತ್ರ ಬೇಕು, ಆ ಸೂತ್ರ ಚಿಪ್ಪಿನೊಳಗೆ ಇಲ್ಲ. ಪಠ್ಯಗಳಲ್ಲಿ ಸಿಗುವ ಸರಳ ಸೂತ್ರದ ಪ್ರಕಾರ 110ರಿಂದ ಅನುಪಾತದ 25 ಪಟ್ಟನ್ನು ಕಳೆಯಬೇಕು. ಮ್ಯಾಕ್ಸಿಮ್‌ನ ಕೋಡಿನಲ್ಲಿರುವುದು ಬಾಗಿದ ರೇಖೆಯ ವರ್ಗ ಸೂತ್ರ. ನಮ್ಮ ವಿದ್ಯಾರ್ಥಿನಿಯರು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಲೆಕ್ಕ ಮಾಡಿದರು. ಅನುಪಾತ 0.5 ಇರುವ ಆರೋಗ್ಯವಂತರಿಗೆ ಒಂದು 97.5 ಎಂದರೆ ಇನ್ನೊಂದು 98.8 ಎನ್ನುತ್ತದೆ, ಅಷ್ಟರಿಂದ ಯಾರಿಗೂ ತೊಂದರೆಯಿಲ್ಲ. ಅನುಪಾತ 1.2ಕ್ಕೆ ಏರಿದಾಗ ಒಂದು 80 ಎಂದರೆ ಇನ್ನೊಂದು 66 ಎನ್ನುತ್ತದೆ. ರೋಗಿ ಉಸಿರಿಗಾಗಿ ಒದ್ದಾಡುತ್ತಿರುವ ಹೊತ್ತಿನಲ್ಲೇ, ಅಂದರೆ ಸಾಧನ ನಿಜವಾಗಿ ಬೇಕಾದ ಹೊತ್ತಿನಲ್ಲೇ, ಒಂದೇ ಬೆರಳಿಗೆ ಎರಡು ಸೂತ್ರಗಳು 14 ಅಂಶಗಳಷ್ಟು ಬೇರೆ ಮಾತು ಹೇಳುತ್ತವೆ. ಅಂಗಡಿಯ ಹಲವು ಆಕ್ಸಿಮೀಟರುಗಳು ಬಳಸುವ ಅವಗೆಂಪು ಬೆಳಕು 940 ನ್ಯಾನೋಮೀಟರಿನದು, ಈ ಚಿಪ್ಪಿನದು 880 ನ್ಯಾನೋಮೀಟರಿನದು. ಬೆಳಕಿನ ಹಾದಿಯೂ ಬೇರೆ. ಮೇಲೆ ಹಾಕಿದ ಪಾರದರ್ಶಕ ಹಾಳೆ, ಕ್ಲಿಪ್ಪು, ಫೋಮ್ ಬದಲಾದರೂ ಅನುಪಾತ ಬದಲಾಗಬಹುದು. ಆದ್ದರಿಂದ ಪ್ರತಿಯೊಂದು ವಿನ್ಯಾಸಕ್ಕೂ ಅದರದೇ ಸೂತ್ರವನ್ನು ಮನುಷ್ಯರ ಮೇಲೆಯೇ ಅಳೆದು ಕಂಡುಕೊಳ್ಳಬೇಕಾಗುತ್ತದೆ.

ಅದನ್ನು ಹೇಗೆ ಕಂಡುಕೊಳ್ಳುತ್ತಾರೆಂದು ತಿಳಿದಾಗ ನಮ್ಮ ಹುಡುಗಿಯರು ಸ್ವಲ್ಪ ಹೊತ್ತು ಸುಮ್ಮನಾದರು. ಆರೋಗ್ಯವಂತ ಸ್ವಯಂಸೇವಕರಿಗೆ ವೈದ್ಯರ ಕಣ್ಗಾವಲಿನಲ್ಲಿ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸುತ್ತ ರಕ್ತದ ಆಮ್ಲಜನಕವನ್ನು ಹಂತ ಹಂತವಾಗಿ ಶೇಕಡಾ 70ರವರೆಗೆ ಇಳಿಸಿ, ಪ್ರತಿ ಹಂತದಲ್ಲೂ ಅಪಧಮನಿಯಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಅಳೆದು, ಅದರೊಂದಿಗೆ ಸಾಧನದ ಸಂಖ್ಯೆಯನ್ನು ಹೋಲಿಸಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿ ಕನಿಷ್ಠ 10 ಜನರಿಂದ 200 ಜೋಡಿ ಅಳತೆಗಳನ್ನು ಕೇಳುತ್ತದೆ. ಆಕ್ಸಿಮೀಟರುಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 70ರಿಂದ 100ರ ವ್ಯಾಪ್ತಿಯಲ್ಲಿ ದೋಷ 4 ಅಂಶಗಳನ್ನು ಮೀರಬಾರದು. ಕಾಲೇಜಿನ ಪ್ರಯೋಗಾಲಯದಲ್ಲಿ ಇದು ಸಾಧ್ಯವಿಲ್ಲ, ಪ್ರಯತ್ನಿಸಲೂ ಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಅವರಿಂದ ಓದಿಸಿದೆ; ಮನುಷ್ಯರ ಮೇಲೆ ಮಾಡುವ ಯಾವ ಸಂಶೋಧನೆಗೂ ನೈತಿಕ ಸಮಿತಿಯ ಒಪ್ಪಿಗೆ ಏಕೆ ಬೇಕೆಂಬುದು ಇಂಜಿನಿಯರಿಂಗ್ ಪಠ್ಯದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ನಮ್ಮ ಕೈಲಾದದ್ದು ಬರಿ ಹೋಲಿಕೆ. ಸಮಿತಿಯ ಅನುಮತಿ ಪಡೆದು, ಕಾಲೇಜಿನ 30 ಜನರ ಒಪ್ಪಿಗೆ ಪತ್ರ ತೆಗೆದುಕೊಂಡು, ಪ್ರಮಾಣೀಕೃತ ಸಾಧನವೊಂದನ್ನು ಒಂದು ಕೈಗೆ, ನಮ್ಮದನ್ನು ಇನ್ನೊಂದು ಕೈಗೆ ಹಾಕಿ ಬರೆದುಕೊಂಡೆವು. ವರದಿಯ ಮೊದಲ ಕರಡಿನಲ್ಲಿ 'ಶೇಕಡಾ 98ಕ್ಕಿಂತ ಹೆಚ್ಚು ನಿಖರ' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಮರುದಿನ ಅವರಲ್ಲೇ ಒಬ್ಬಳು ನನ್ನ ಕೋಣೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ಆ ಕೋಷ್ಟಕಕ್ಕೆ ತಾನು ಸೇರಿಸಿದ ಹೊಸ ಕಂಬಸಾಲನ್ನು ತೋರಿಸಿದಳು. ಯಾವ ಸೆನ್ಸರೂ ಇಲ್ಲದೆ, ಯಾರು ಬಂದರೂ 97 ಎಂದೇ ಬರೆಯುವ ಒಂದು ಸಾಲಿನ ಕೋಡ್ ಅದು. ಅದರ ಸರಾಸರಿ ದೋಷ ನಮ್ಮ ಸಾಧನದ ದೋಷಕ್ಕಿಂತ ಕಡಿಮೆಯಿತ್ತು! "ಮೇಡಂ, ಮೂವತ್ತೂ ಜನ 96ರಿಂದ 99ರ ಒಳಗೇ ಇದ್ದಾರೆ. ನಾವು ಏನನ್ನೂ ಪರೀಕ್ಷೆ ಮಾಡೇ ಇಲ್ಲ" ಎಂದಳು. ನನ್ನ ಅಧ್ಯಾಪನದ ವರ್ಷಗಳಲ್ಲಿ ವಿದ್ಯಾರ್ಥಿಯ ಬಾಯಿಂದ ಕೇಳಿದ ಅತ್ಯುತ್ತಮ ಮಾತುಗಳಲ್ಲಿ ಅದೊಂದು. ಆ ದಪ್ಪ ಅಕ್ಷರಗಳ ಸಾಲನ್ನು ತೆಗೆದು, ಎರಡು ಸಾಧನಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಚುಕ್ಕೆಗಳಾಗಿ ಇಡುವ ಬ್ಲಾಂಡ್ ಮತ್ತು ಆಲ್ಟ್‌ಮನ್ ಅವರ ನಕ್ಷೆಯನ್ನು ಹಾಕಿದರು, ಅದರ ಕೆಳಗೆ '95ಕ್ಕಿಂತ ಕೆಳಗೆ ಈ ಸಾಧನವನ್ನು ಪರೀಕ್ಷಿಸಿಲ್ಲ' ಎಂದು ಬರೆದರು.

ಚರ್ಮದ ಬಣ್ಣದ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ನೋಡಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಮಾಣ ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇಕಡಾ 3.6, ಕಪ್ಪು ರೋಗಿಗಳ ಅಳತೆಗಳಲ್ಲಿ ಶೇಕಡಾ 11.7. ಆಸ್ಪತ್ರೆಯಲ್ಲಿ ಬಳಸುವ ದುಬಾರಿ ಸಾಧನಗಳ ಕಥೆಯೇ ಹೀಗಿದ್ದರೆ, ದಿನವಿಡೀ ಹೊಲದ ಬಿಸಿಲಿನಲ್ಲಿ ದುಡಿಯುವ ನಮ್ಮ ಜನರ ಬೆರಳಿಗೆ ಹಾಕುವ ಸಾಧನವನ್ನು ಕಾಲೇಜಿನ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರ ಬೆರಳಿನ ಮೇಲಷ್ಟೇ ನೋಡಿ ಒಪ್ಪಿಕೊಳ್ಳುವುದು ತಪ್ಪು. ನಮ್ಮ 30 ಜನರಲ್ಲಿ ಉದ್ಯಾನದ ಕೆಲಸಗಾರರನ್ನೂ ಭದ್ರತಾ ಸಿಬ್ಬಂದಿಯನ್ನೂ ಸೇರಿಸಿದ್ದೆವು, ಆದರೂ ಅದು ಸಾಲದು.

ಬೆಲೆಯ ಲೆಕ್ಕ ಬೇಗ ಮುಗಿಯುವಂಥದ್ದು. ಸೆನ್ಸರ್ ಬೋರ್ಡ್ 140, ಇಎಸ್‌ಪಿ 32 ಬೋರ್ಡ್ 380, ಪುಟ್ಟ ಓಎಲ್‌ಇಡಿ ಪರದೆ 190, ಲಿಥಿಯಂ ಬ್ಯಾಟರಿ ಮತ್ತು ಚಾರ್ಜಿಂಗ್ ಬೋರ್ಡ್ 200, ತ್ರೀಡಿ ಮುದ್ರಣದ ಪೆಟ್ಟಿಗೆ 450, ಒಟ್ಟು 1,360 ರೂಪಾಯಿ. ಹೋಲಿಕೆಗೆಂದು ನಾವು ಕೊಂಡ ಸಿದ್ಧ ಸಾಧನಕ್ಕೆ 900 ರೂಪಾಯಿ. 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಆಕ್ಸಿಮೀಟರ್ ಸೇರಿದಂತೆ ಐದು ಸಾಧನಗಳ ಮೇಲಿನ ಮಾರಾಟದ ಲಾಭಾಂಶಕ್ಕೆ ಶೇಕಡಾ 70ರ ಮಿತಿ ಹಾಕಿದ್ದನ್ನೂ ಇಲ್ಲಿ ನೆನೆಯಬಹುದು. 'ಅಗ್ಗದ ಆಕ್ಸಿಮೀಟರ್' ಎಂಬ ಶೀರ್ಷಿಕೆಯನ್ನು ಸಮರ್ಥಿಸಲು ಬಿಡಿಭಾಗಗಳ ಬೆಲೆ ಸಾಲದು. ಸಾವಿರಗಟ್ಟಲೆ ಮಾಡಿದರೆ ಬಿಡಿಭಾಗಗಳ ಬೆಲೆ ಇಳಿಯುತ್ತದೆ ನಿಜ, ಆದರೆ ಮೇಲೆ ಹೇಳಿದ ಪರೀಕ್ಷೆಗಳ ವೆಚ್ಚವೂ ವೈದ್ಯಕೀಯ ಸಾಧನಗಳ 2017ರ ನಿಯಮಗಳಡಿ ಪಡೆಯಬೇಕಾದ ಪರವಾನಗಿಯ ವೆಚ್ಚವೂ ಆಗ ಬಂದು ಸೇರುತ್ತವೆ. ವಿದ್ಯಾರ್ಥಿಗಳ ಹೊಸತನಕ್ಕೆ ಜಾಗ ಇರುವುದು ಬೇರೆ ಕಡೆ: ಕನ್ನಡದಲ್ಲಿ ಮಾತನಾಡುವ ಸಾಧನ, ಅಳತೆಯೊಂದಿಗೆ ಅಲೆಯ ಗುಣಮಟ್ಟವನ್ನೂ ತೋರಿಸುವ ಪರದೆ, ಅಂಗಡಿಯ ಸಾಧನ ಹಿಡಿಯದ ಬೆರಳಿಗೆ ಹಿಡಿಯುವ ಕ್ಲಿಪ್ಪು.

ಆ ಕೊನೆಯ ಮಾತನ್ನು ನಮಗೆ ಹೇಳಿಕೊಟ್ಟವರು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್. ಸಾಧನವನ್ನು ರೋಗಿಗಳ ಮೇಲೆ ಬಳಸದೆ, ಬರಿ ತೋರಿಸಲೆಂದು ಒಯ್ದಿದ್ದೆವು. ಅವರು ಕ್ಲಿಪ್ಪನ್ನು ತಮ್ಮ ಬೆರಳಿಗೆ ಹಾಕಿಕೊಂಡು, ತಿರುಗಿಸಿ ನೋಡಿ, "ದೊಡ್ಡವ್ರಿಗೆ ನಮ್ಮ ಹತ್ರ ಐತ್ರಿ. ಕೂಸಿಗೆ ಇದು ಹಿಡಿತೈತೇನ್ರಿ?" ಎಂದು ಕೇಳಿದರು. ಹಿಡಿಯುವುದಿಲ್ಲ. ಹಸುಗೂಸಿನ ಬೆರಳು ಕ್ಲಿಪ್ಪಿಗೆ ಸಾಲುವುದಿಲ್ಲ, ಆದ್ದರಿಂದ ನವಜಾತ ಶಿಶುಗಳಿಗೆ ಪಾದದ ಸುತ್ತ ಅಥವಾ ಅಂಗೈಯ ಸುತ್ತ ಮೆತ್ತಗಿನ ಪಟ್ಟಿಯನ್ನು ಕಟ್ಟುತ್ತಾರೆ. ಬಲಗೈ ಮತ್ತು ಪಾದದ ಅಳತೆಗಳನ್ನು ಹೋಲಿಸಿ ಹುಟ್ಟಿನಿಂದಲೇ ಬರುವ ಕೆಲವು ಗಂಭೀರ ಹೃದಯದೋಷಗಳ ಸುಳಿವನ್ನೂ ಹಿಡಿಯುತ್ತಾರೆ.

ಈ ವರ್ಷದ ತಂಡ ಆ ಪಟ್ಟಿಯ ಹಿಂದೆ ಬಿದ್ದಿದೆ, ಮತ್ತು ಅಲ್ಲಿ ಈ ಬೋರ್ಡಿನ ಮಿತಿ ಸ್ಪಷ್ಟವಾಗಿ ಕಾಣುತ್ತಿದೆ. ಪಟ್ಟಿಯೊಳಗೆ ಹೊಲಿದರೆ ಬೋರ್ಡಿನ ಗಟ್ಟಿ ಅಂಚು ಚರ್ಮಕ್ಕೆ ಒತ್ತುತ್ತದೆ, ಹಿಂಬದಿಯ ಪಿನ್ನುಗಳನ್ನು ಎಷ್ಟು ಕತ್ತರಿಸಿದರೂ ತುಸು ಚುಚ್ಚುತ್ತವೆ. ನಾವು ಗೊಂಬೆಯ ಕಾಲಿಗೆ ಕಟ್ಟಿ ನೋಡಿದಾಗಲೇ ಇದು ತಿಳಿಯಿತು. ಹಾಗಾಗಿ ಕಲಿಯಲು, ತತ್ತ್ವವನ್ನು ಕಣ್ಣಾರೆ ಕಾಣಲು ಈ ಮಾಡ್ಯೂಲನ್ನು ನಾನು ಯಾರಿಗಾದರೂ ಶಿಫಾರಸು ಮಾಡುತ್ತೇನೆ. ಮಗುವಿನ ಕಾಲಿಗೆ ಕಟ್ಟುವ ಪಟ್ಟಿಗೆ ಬೋರ್ಡಿಲ್ಲದ ಬಿಡಿ ಚಿಪ್ಪು, ಬಾಗುವ ಸರ್ಕ್ಯೂಟ್ ಹಾಳೆ ಮತ್ತು ಅಡಿಯಲ್ಲಿರುವ ಆ 14 ಪುಟ್ಟ ಕಾಲುಗಳನ್ನು ಒಮ್ಮೆಲೇ ಸೋಲ್ಡರ್ ಮಾಡುವ ಹಾಟ್‌ಪ್ಲೇಟ್ ಬೇಕು. ಚಿಪ್ಪುಗಳು ಬಂದಿವೆ, ಹಾಳೆಯ ವಿನ್ಯಾಸವನ್ನು ಮುದ್ರಣಕ್ಕೆ ಕಳುಹಿಸಿದ್ದೇವೆ, ಹಾಟ್‌ಪ್ಲೇಟಿಗೆ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟಿದ್ದೇನೆ.